ಕರಡಿಗೆ ತಿನ್ನಿಸುವ ಕೈ

ನನಗೊಬ್ಬಳು ಸವತಿ ಇದ್ದಳು. ಮೈತುಂಬ ಕಪ್ಪು ಕೂದಲು, ಎದೆಯ ಮೇಲೊಂದು ಬಿಳಿ ಪಟ್ಟೆ, ಬಾಯಲ್ಲಿ ಅರ್ಧಕ್ಕರ್ಧ ಹಲ್ಲಿಲ್ಲ. ನಮ್ಮ ಮನೆಯವರು ಮೃಗಾಲಯದಲ್ಲಿ ಕರಡಿಯನ್ನು ನೋಡಿಕೊಳ್ಳುತ್ತಿದ್ದರು. ನಾನು ಅಲ್ಲೇ ಪ್ರಾಣಿಗಳ ಅಡುಗೆಕೋಣೆಯಲ್ಲಿ ಹಣ್ಣು, ತರಕಾರಿ, ಮಾಂಸ ಹೆಚ್ಚುತ್ತಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ, ಇವರು ಮನೆಗಿಂತ ಹೆಚ್ಚು ಹೊತ್ತು ಕರಡಿಯ ಬೋನಿನ ಮುಂದೆಯೇ ಕೂತಿರುವುದನ್ನು ಕಂಡು, "ನನ್ನ ಸವತಿ ಊಟ ಮಾಡಿದ್ಲಾ?" ಎಂದು ಒಂದು ದಿನ ಎಲ್ಲರೆದುರು ಕೇಳಿಬಿಟ್ಟೆ. ಆ ಹೆಸರೇ ನಿಂತಿತು. ಟಿಕೆಟ್ ಹರಿಯುವವರಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಅವಳು ಸವತಿ. ಸಾಹೇಬರು ನನ್ನೆದುರು ಮಾತ್ರ ಕರಡಿ ಎನ್ನುತ್ತಿದ್ದರು, ಮರ್ಯಾದಸ್ಥರು.

ನಮ್ಮಲ್ಲಿಗೆ ಬಂದಾಗ ಅವಳ ಮೂಗಿನಲ್ಲಿ ಹಗ್ಗದ ತೂತಿತ್ತು. ಬೀದಿಯಲ್ಲಿ ಕುಣಿಸುತ್ತಿದ್ದ ಯಾರಿಂದಲೋ ಬಿಡಿಸಿ ತಂದಿದ್ದರಂತೆ. ಮನುಷ್ಯರ ಕೈ ಕಂಡರೆ ಸಾಕು, ಮೂಲೆಗೆ ಹೋಗಿ ಮುಖವನ್ನು ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದಳು. ಇವರು ಅವಳ ಮುಂದೆ ತಿಂಗಳುಗಟ್ಟಲೆ ಕೂತರು. ಅಂಗೈ ಮೇಲೆ ಹಣ್ಣಿನ ಹೋಳು ಇಟ್ಟುಕೊಂಡು, ತಮಗೂ ಅದಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಬೇರೆ ಕಡೆ ನೋಡುತ್ತ ಕೂರುವುದು. ಕೊನೆಗೊಂದು ದಿನ ಅವಳು ಬಂದು, ಕೆಳದುಟಿಯನ್ನು ಸೌಟಿನ ಹಾಗೆ ಚಾಚಿ, ಹೋಳನ್ನು ಎತ್ತಿಕೊಂಡಳು. ಬರಬರುತ್ತ ಎಲ್ಲರ ಕೈಯಿಂದಲೂ ತಿನ್ನತೊಡಗಿದಳು. ಒಂದೇ ವ್ಯತ್ಯಾಸ. ಬೇರೆಯವರು ಕೊಟ್ಟದ್ದನ್ನು ಮೊದಲು ಮೂಸಿ ನೋಡುತ್ತಿದ್ದಳು. ಇವರು ಕೊಟ್ಟರೆ ಮೂಸುವುದೂ ಇಲ್ಲ, ಕಣ್ಣು ಮುಚ್ಚಿಕೊಂಡು ತುಟಿ ಚಾಚುತ್ತಿದ್ದಳು.

ಸಂಜೆ ಮನೆಗೆ ಬರುವಾಗ ಇವರು ಅವಳಿಗೆ ಸುಲಿದ ಕಿತ್ತಳೆಯಲ್ಲಿ ಒಂದು ತೊಳೆ ಉಳಿಸಿ ತರುತ್ತಿದ್ದರು. ನನ್ನ ಕೈ ಕೆಲಸದಲ್ಲಿದ್ದರೆ ಬಾಯಿಗೇ ಇಡುತ್ತಿದ್ದರು. "ಪಾಲು ತಗೋ" ಎನ್ನುವುದು ಇವರ ವಾಡಿಕೆ, "ಸವತಿಯ ಎಂಜಲು ನನಗೆ" ಎನ್ನುವುದು ನನ್ನ ವಾಡಿಕೆ. ಪ್ರೀತಿ ತೋರಿಸಲು ಇವರಿಗೆ ಗೊತ್ತಿದ್ದ ದಾರಿ ಅದೊಂದೇ. ನನಗೂ ಅಷ್ಟು ಸಾಕಾಗಿತ್ತು.

ಮೃಗಾಲಯ ಮುಚ್ಚುತ್ತದೆ ಎಂದು ಪ್ರಾಣಿಗಳಿಗಂತೂ ಯಾರೂ ಹೇಳಲಿಲ್ಲ. ನಮಗೂ ಹೇಳಲಿಲ್ಲ. ಅಳತೆಪಟ್ಟಿ ಹಿಡಿದ ಜನ ಬಂದು ಜಿಂಕೆಗಳ ನಡುವೆ ಸುಣ್ಣದ ಗೆರೆ ಎಳೆಯತೊಡಗಿದಾಗ ಗೊತ್ತಾಯಿತು. ಅಲ್ಲಿ ದೊಡ್ಡ ಅಂಗಡಿಗಳ ಕಟ್ಟಡ ಬರುತ್ತದಂತೆ, ಜಿಂಕೆ ಇದ್ದಲ್ಲಿ ಕಾರು ನಿಲ್ಲಿಸುತ್ತಾರಂತೆ. ಸಾಹೇಬರು ನಮ್ಮನ್ನೆಲ್ಲ ಹಕ್ಕಿಗಳ ಬಲೆಮನೆಯ ಮುಂದೆ ನಿಲ್ಲಿಸಿ, "ಪ್ರಾಣಿಗಳಿಗೆಲ್ಲ ಬೇರೆ ಊರಿನ ದೊಡ್ಡ ಮೃಗಾಲಯದಲ್ಲಿ ವ್ಯವಸ್ಥೆ ಆಗಿದೆ, ಯಾರೂ ಚಿಂತೆ ಮಾಡಬೇಡಿ" ಎಂದರು. ಆ ವ್ಯವಸ್ಥೆಯಲ್ಲಿ ನಾವೂ ಸೇರಿದ್ದೇವೋ ಇಲ್ಲವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದೆವು. ಸೇರಿರಲಿಲ್ಲ.

ಸುದ್ದಿ ಹಬ್ಬಿದ ಮೇಲೆ ಜನ ಮುಗಿಬಿದ್ದರು. ಇದ್ದಾಗ ತಿರುಗಿ ನೋಡದ ನೆಂಟರು ಸತ್ತ ಮನೆಗೆ ಓಡಿಬರುತ್ತಾರಲ್ಲ, ಹಾಗೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು "ಟಾಟಾ ಮಾಡು, ಇನ್ಮೇಲೆ ಇರಲ್ಲ" ಎಂದರು. ಮಲಗಿದ್ದ ಚಿರತೆ ಎದ್ದು ಮುಖ ತೋರಿಸಲಿ ಎಂದು ಕಲ್ಲು ಎಸೆದರು. ಒಬ್ಬಾತ ಸವತಿಯ ಮೈಮೇಲೆ ತಂಪು ಪಾನೀಯ ಸುರಿದು, ನೆನಪಿಗೆ ಫೋಟೋ ತೆಗೆದುಕೊಂಡ.

ಮೊದಲು ಹೋದದ್ದು ಆನೆ. ಅದನ್ನು ಲಾರಿಗೆ ಹತ್ತಿಸಲು ಅರ್ಧ ದಿನ ಹಿಡಿಯಿತು. ಬಂದವರು ಹುಲ್ಲು ಕೊಟ್ಟರೆ ಮುಟ್ಟಲಿಲ್ಲ, ಬೆಲ್ಲ ಕೊಟ್ಟರೆ ಮುಟ್ಟಲಿಲ್ಲ. ಆನೆಯವನು ಬಂದು ಕಿವಿಯ ಹಿಂದೆ ತಟ್ಟಿದ ಮೇಲೆ ಎಲ್ಲವನ್ನೂ ತಿಂದು ತಣ್ಣಗೆ ಹತ್ತಿತು. ಸರಿ, ಆನೆಯ ಜೊತೆಗೆ ಆನೆಯವನೂ ಹೋದ. ಕಾಯಂ ಕೆಲಸ, ಇರಲು ಮನೆ. ಲಾರಿ ಗೇಟು ದಾಟುವವರೆಗೂ ಇವರು ನೋಡುತ್ತ ನಿಂತಿದ್ದರು. ತಲೆಗೆ ಹುಳ ಹೊಕ್ಕದ್ದು ಆಗಲೇ.

ಮನೆಗೆ ಬಂದವರೇ ಕೇಳಿದರು: "ಆನೆ ಬೇರೆಯವರ ಕೈಲಿ ತಿನ್ನಲ್ಲ ಅಂತ ತಾನೆ ಅವನನ್ನ ಕರ್ಕೊಂಡು ಹೋಗಿದ್ದು?"

"ಹೌದು. ಅದಕ್ಕೇನೀಗ?"

"ಸವತಿನೂ ತಿನ್ನದೆ ಹೋದ್ರೆ?"

"ಅವಳು ಎಲ್ಲರ ಕೈಲೂ ತಿಂತಾಳಲ್ರೀ. ನೀವೇ ಕಲಿಸಿದ್ದು."

"ಕಲಿಸಿದವನಿಗೆ ಮರೆಸೋಕೆ ಬರಲ್ವಾ?"

ನನಗೆ ನಗು ಬಂತು. "ಹುಲೀನ ನೋಡಿ ನರಿ ಬರೆ ಹಾಕ್ಕೊಂಡ ಹಾಗಾಯ್ತು. ಆನೆ ಯಾರಿಗೆ ಬೇಡ? ಅದು ನಡೆದದ್ದೇ ದಾರಿ. ಹಲ್ಲಿಲ್ಲದ ಮುದುಕಿ ಕರಡಿಗೆ ಇಷ್ಟೆಲ್ಲ ಉಪಚಾರ ಯಾರು ಮಾಡ್ತಾರೆ?"

ಇವರು ನಗಲಿಲ್ಲ. "ನನಗೆ ಬೇರೆ ಕೆಲಸ ಬರಲ್ಲ ಕಣೇ" ಎಂದರು. "ಅವಳನ್ನ ಬಿಟ್ಟು ಇರೋಕೂ ಬರಲ್ಲ."

ಎರಡೂ ನಿಜ. ನಾವಿದ್ದದ್ದು ಮೃಗಾಲಯದ ಹಿಂಗೋಡೆಗೆ ಒತ್ತಿಕೊಂಡ ಎರಡು ಕೋಣೆಗಳಲ್ಲಿ. ಮಲಗುವ ಕೋಣೆಯ ಆಚೆಗೇ ಸವತಿಯ ಗೂಡು, ಅವಳು ಮೈ ತುರಿಸಿಕೊಂಡರೆ ನಮ್ಮ ಗೋಡೆಯ ಸುಣ್ಣ ಉದುರುತ್ತಿತ್ತು. ಸುಣ್ಣದ ಗೆರೆ ಆ ಗೋಡೆಯನ್ನೂ ಒಳಗೆ ಹಾಕಿಕೊಂಡಿತ್ತು. ಈ ವಯಸ್ಸಿನಲ್ಲಿ ಪಾತ್ರೆ ಪಗಡಿ ಹೊತ್ತು ಎಲ್ಲಿಗೆ ಹೋಗುವುದು ಎಂಬ ಭಯ ನನಗೂ ಇತ್ತು. ಬೇಡ ಎಂದು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ.

ಇವರಿಗೊಬ್ಬ ತಮ್ಮ ಇದ್ದ, ನನ್ನ ಮೈದುನ. ಬೋನುಗಳಿಗೆ ಪೈಪಿನಲ್ಲಿ ನೀರು ಹೊಡೆದು ತೊಳೆಯುವುದು ಅವನ ಕೆಲಸ. ಇರುವೆ ಸಾಲು ಕಂಡರೆ ಕೊಚ್ಚಿಹೋಗದಿರಲಿ ಎಂದು ಪೈಪು ಬೇರೆ ಕಡೆ ತಿರುಗಿಸಿ ಹಿಡಿಯುವ ಪ್ರಾಣಿ. ಅಣ್ಣ ಹಾಕಿದ ಗೆರೆ ದಾಟಿದವನಲ್ಲ. ಸವತಿಗೆ ಇವರ ನಂತರ ಹತ್ತಿರದವನೆಂದರೆ ಅವನೇ. ಆದ್ದರಿಂದಲೇ ಇವರು ಅವನನ್ನು ಆರಿಸಿದರು.

ಕ್ರಮ ಹೀಗಿತ್ತು. ಮಧ್ಯಾಹ್ನ ಜನ ಕಡಿಮೆಯಿರುವ ಹೊತ್ತಿನಲ್ಲಿ ಮೈದುನ ಬಾಳೆಹಣ್ಣಿನೊಳಗೆ ಜ್ವರದ ಗುಳಿಗೆಯ ಕಹಿ ಪುಡಿ ತುಂಬಿ ಕೊಡುವುದು. ಅವಳು ಕಚ್ಚಿದ ಕೂಡಲೇ ಕಬ್ಬಿಣದ ಸಲಾಕೆಯಿಂದ ಕಂಬಿಗೆ ಬಾರಿಸುವುದು. ಅವಳು ಉಗುಳಿ ಮೂಲೆ ಸೇರಿದ ಮೇಲೆ ಇವರು ಬರುವುದು, ಮೆತ್ತಗೆ ಮಾತಾಡುತ್ತ ಜೇನು ಸವರಿದ ರೊಟ್ಟಿ ತಿನ್ನಿಸುವುದು. ಅವಳು ಮೈದುನನೊಬ್ಬನಿಗೆ ಮಾತ್ರ ಹೆದರಿದರೆ ಸಾಲದಲ್ಲ, ಲೋಕದ ಕೈಗಳಿಗೆಲ್ಲ ಹೆದರಬೇಕು. ಅದಕ್ಕೆ ಅವನಿಗೆ ದಿನಕ್ಕೊಂದು ವೇಷ. ಒಂದು ದಿನ ಕಾವಲುಗಾರನ ಟೋಪಿ, ಒಂದು ದಿನ ಸಾಹೇಬರ ಹಳೇ ಕೋಟು, ಒಂದು ದಿನ ನನ್ನ ಶಾಲು. ನನ್ನ ಶಾಲು ಹೊದ್ದು ಸಲಾಕೆ ಹಿಡಿದು ನಿಂತಿದ್ದ ಅವನನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಳೆಹಣ್ಣು ಸೀಳಿ ಕೊಡುತ್ತಿದ್ದವಳು ನಾನು. ಸೀಳುವುದು ನನ್ನ ಕೆಲಸ.

ಸವತಿ ಅಷ್ಟು ಸುಲಭಕ್ಕೆ ಮರೆಯಲಿಲ್ಲ. ಕಹಿ ಹಣ್ಣು ಉಗುಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೈದುನನ ಹತ್ತಿರ ಬರುತ್ತಿದ್ದಳು, ಮೊದಲಿನದು ಏನೋ ತಪ್ಪಾಗಿರಬೇಕು ಎನ್ನುವ ಹಾಗೆ. ಸಲಾಕೆಯ ಸದ್ದು ಅವಳ ಮುದಿ ಕಿವಿಗೆ ಅಭ್ಯಾಸವಾಗಿಹೋಯಿತು.

"ಕಂಬಿಗೆ ಹೊಡೆದ್ರೆ ಆಗಲ್ಲ" ಎಂದರು ಇವರು. "ಮೂಗಿಗೆ ಹೊಡಿ. ಹಳೇ ತೂತಿರೋ ಕಡೆ."

ಮೈದುನ ಸಲಾಕೆಯನ್ನು ಗೋಡೆಗೆ ಒರಗಿಸಿದ. "ಅಣ್ಣ, ನನ್ನ ಕೈಲಾಗಲ್ಲ."

"ನಾನು ಅಲ್ಲಿಗೆ ಹೋದ್ರೆ ನಿನ್ನನ್ನ ಇಲ್ಲೇ ಬಿಟ್ಟು ಹೋಗ್ತೀನೇನೋ? ಅಲ್ಲೂ ಬೋನು ತೊಳಿಬೇಕು. ನಿನಗೂ ಪೈಪು ಹಿಡಿಸ್ತೀನಿ."

ಮೈದುನ ನನ್ನ ಕಡೆ ನೋಡಿದ. ನಾನು ಚಾಕು ಒರೆಸುತ್ತಿದ್ದೆ. ಅವನು ಸಲಾಕೆ ಎತ್ತಿಕೊಂಡ.

ಆಮೇಲೆ ಬೇಗ ಕಲಿತಳು. ಯಾರಾದರೂ ಕೈ ಎತ್ತಿದರೆ ಸಾಕು, ಮೂಲೆಗೆ ಹೋಗಿ ಮುಖವನ್ನು ಗೋಡೆಗೆ ಒತ್ತಿಕೊಂಡು, ಎರಡೂ ಮುಂಗಾಲುಗಳಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಬಂದ ಮೊದಲ ದಿನ ಹೇಗಿದ್ದಳೋ ಹಾಗೆ. ಇವರು ಕರೆದರೆ ಮಾತ್ರ ಬರುತ್ತಿದ್ದಳು, ನಡುಗುತ್ತ ಬಂದು ಕಣ್ಣು ಮುಚ್ಚಿ ತುಟಿ ಚಾಚುತ್ತಿದ್ದಳು.

"ನೋಡಿದ್ಯಾ? ಈಗ ನಾನಿಲ್ಲದೆ ಅವಳಿಗೆ ಒಂದು ತುತ್ತೂ ಇಲ್ಲ" ಎಂದು ಇವರು ನನ್ನೆದುರು ಹಿಗ್ಗಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಎಂದುಕೊಂಡೆ. ಮೈ ಉರಿಯಿತು. ಆದರೂ ಆ ಸಂಜೆ ಬಂದ ಕಿತ್ತಳೆ ತೊಳೆಯನ್ನು ತಿಂದೆ.

ಒಂದೊಂದೇ ಬೋನು ಖಾಲಿಯಾಯಿತು. ಜಿಂಕೆಗಳು ಹೋದವು, ಹೆಬ್ಬಾವು ಚೀಲದಲ್ಲಿ ಹೋಯಿತು, ಮಂಗಗಳು ಲಾರಿಯಿಂದಲೂ ಹಲ್ಲು ಕಿರಿಯುತ್ತ ಹೋದವು. ಕೊನೆಯ ಲಾರಿಯ ಜೊತೆ ದೊಡ್ಡ ಮೃಗಾಲಯದ ಡಾಕ್ಟರಮ್ಮ ಬಂದರು. ಚುರುಕು ಹೆಂಗಸು, ಕೆಟ್ಟವರಲ್ಲ, ಪುರುಸೊತ್ತಿಲ್ಲದವರು ಅಷ್ಟೆ. ಸಾಹೇಬರು ಅವರನ್ನು ನೇರ ಸವತಿಯ ಬೋನಿಗೆ ಕರೆತಂದರು. ನಾನು ಹಣ್ಣಿನ ಬುಟ್ಟಿ ಹಿಡಿದು ಇವರ ಹಿಂದೆ ನಿಂತಿದ್ದೆ. ಇವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದರು.

ಡಾಕ್ಟರಮ್ಮ ಒಂದು ಸೇಬಿನ ಹೋಳು ತೆಗೆದುಕೊಂಡು ಕಂಬಿಯ ಹತ್ತಿರ ಕೈ ಚಾಚಿದರು. ಸವತಿ ಮೂಲೆ ಸೇರಿದಳು.

"ನಾನು ಹೊಸಬಳು, ಇರಲಿ. ದಿನಾ ನೋಡೋ ಮುಖ ಯಾರಾದ್ರೂ ಕೊಡಲಿ" ಎಂದವರು, ಪೈಪು ಹಿಡಿದು ನಿಂತಿದ್ದ ಮೈದುನನನ್ನು ಕರೆದರು.

ಮೈದುನ ಪೈಪು ಕೆಳಗಿಟ್ಟು ಬಂದ. ಅವತ್ತು ಅವನ ಕೈಯಲ್ಲಿದ್ದದ್ದು ನಿಜವಾದ ಜೇನು ಸವರಿದ ರೊಟ್ಟಿ. "ಬಾ, ಬಾ" ಎಂದ. ಸವತಿ ಅವನನ್ನು ಕಂಡದ್ದೇ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಮುಂಗಾಲುಗಳಿಂದ ಮೂಗು ಮುಚ್ಚಿಕೊಂಡು, ಗೋಡೆಯೊಳಗೆ ಹೋಗಲು ದಾರಿಯಿದೆ ಎನ್ನುವ ಹಾಗೆ ತಲೆಯನ್ನು ಒತ್ತತೊಡಗಿದಳು.

ಡಾಕ್ಟರಮ್ಮ ಬಗ್ಗಿ ನೋಡಿದರು. "ಮೂಗಿನ ಮೇಲೆ ಹೊಸ ಗಾಯ ಇದೆ. ಇದಕ್ಕೆ ಯಾರೋ ಹೊಡೆದಿದ್ದಾರೆ." ನೆಟ್ಟಗಾಗಿ ಮೈದುನನ ಕಡೆ ತಿರುಗಿದರು. "ನೀನೇನಾ?"

ಮೈದುನ ಅಣ್ಣನನ್ನು ನೋಡಿದ. ಅಣ್ಣ ಬಾಯಿಬಿಡುತ್ತಾನೆ ಎಂದು ಅವನಿಗೆ ನಂಬಿಕೆಯಿತ್ತು. ನನಗೂ ಇತ್ತು.

"ಅವನಿಗೆ ಸ್ವಲ್ಪ ಮುಂಗೋಪ ಮೇಡಂ" ಎಂದರು ಇವರು. "ಎಷ್ಟು ಸಲ ಹೇಳಿದ್ದೀನಿ, ಕೇಳಲ್ಲ."

ನಾನು ಬಾಯಿ ತೆರೆದರೆ ಗಂಡನ ಕೆಲಸ ಹೋಗುತ್ತಿತ್ತು, ಮುಚ್ಚಿದರೆ ಮೈದುನನ ಮಾನ ಹೋಗುತ್ತಿತ್ತು. ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡೆ. ಸಾಹೇಬರು ಮೈದುನನಿಗೆ ಗೇಟು ತೋರಿಸಿ, ಇನ್ನು ಈ ಕಡೆ ತಲೆ ಹಾಕಬೇಡ ಎಂದರು. ಅವನು ಜೇನು ರೊಟ್ಟಿಯನ್ನು ನನ್ನ ಬುಟ್ಟಿಯಲ್ಲಿಟ್ಟ. "ಬರ್ತೀನಿ ಅತ್ತಿಗೆ" ಎಂದು ನನಗೊಬ್ಬಳಿಗೆ ಹೇಳಿ ಹೋದ. ಪೈಪಿನಲ್ಲಿ ನೀರು ಹರಿಯುತ್ತಲೇ ಇತ್ತು, ಯಾರೂ ನಿಲ್ಲಿಸಲಿಲ್ಲ.

ಇವರು ಅದೇ ರೊಟ್ಟಿಯನ್ನು ಎತ್ತಿಕೊಂಡು ಮುಂದೆ ಬಂದರು. "ನನ್ನ ಕೈಲಿ ತಿಂತಾಳೆ ಮೇಡಂ. ನನ್ನೊಬ್ಬನ ಕೈಲಿ ಮಾತ್ರ." ಕೂತು, ಬೇರೆ ಕಡೆ ನೋಡುತ್ತ, ಅಂಗೈ ಚಾಚಿದರು. ಸವತಿ ಗೋಡೆ ಬಿಟ್ಟು ಬಂದಳು. ಹೊಟ್ಟೆ ಒದ್ದೆಯಾಗಿತ್ತು. ಕಣ್ಣು ಮುಚ್ಚಿ ತುಟಿ ಚಾಚಿದಳು. ಇವರು ತಲೆಯೆತ್ತಿ, ಪರೀಕ್ಷೆಯಲ್ಲಿ ಪಾಸಾದ ಮುಖ ಮಾಡಿಕೊಂಡು ಡಾಕ್ಟರಮ್ಮನನ್ನು ನೋಡಿದರು. "ಜೊತೆಗೆ ನಾನು ಬಂದ್ರೆ ಯಾವ ತೊಂದರೆನೂ ಇಲ್ಲ."

"ಅದೇ ತೊಂದರೆ" ಎಂದರು ಡಾಕ್ಟರಮ್ಮ. "ಹೊಸದಾಗಿ ಬಂದ ಪ್ರಾಣೀನ ರೋಗ ಹರಡಬಾರದು ಅಂತ ಬೇರೆ ಕೋಣೇಲಿ ಇಡ್ತೀವಿ. ಅಲ್ಲಿಗೆ ನಮ್ಮ ಜನ ಬಿಟ್ಟು ಯಾರನ್ನೂ ಬಿಡಲ್ಲ. ಅವರ ಕೈಲಿ ತಿನ್ನದೇ ಇದ್ರೆ ಈ ವಯಸ್ಸಿಗೆ ಒಂದು ವಾರ ಬದುಕಲ್ಲ."

"ಆನೆಯವನನ್ನ ಬಿಟ್ರಲ್ಲ ಮೇಡಂ."

"ಆನೆ ನೋಡೋಕೆ ಜನ ಬರ್ತಾರಪ್ಪ. ಅದಕ್ಕೆ ಮೇಲಿನವರೇ ಹೇಳಿ ಕಳಿಸಿದ್ರು." ಅವರು ಸಾಹೇಬರ ಕಡೆ ತಿರುಗಿದರು. "ಎಲ್ಲರ ಕೈಲೂ ತಿನ್ನುತ್ತೆ, ಸಾಧು ಕರಡಿ ಅಂದಿದ್ರಿ. ಅದಕ್ಕೇ ತಾನೆ ನಾವು ಒಪ್ಪಿದ್ದು?"

"ಹೋದ ತಿಂಗಳವರೆಗೂ ತಿಂತಿತ್ತು" ಎಂದರು ಸಾಹೇಬರು, ನಿಜಕ್ಕೂ ಆಶ್ಚರ್ಯದಿಂದ.

ಇವರು ಈಗ ಅವಳಿಗೆ ಬೇರೆಯವರ ಕೈಯಿಂದ ತಿನ್ನಿಸಲು ಹೊರಟರು. ಒಮ್ಮೆ ಕಾವಲುಗಾರನನ್ನು ಕರೆದು ಹಣ್ಣು ಕೊಡಿಸಿದರು, ಒಮ್ಮೆ ನನ್ನ ಕೈಗೇ ಹೋಳು ಇಟ್ಟು ನನ್ನನ್ನು ಕಂಬಿಯ ಹತ್ತಿರ ತಳ್ಳಿದರು. "ತಿನ್ನು, ತಿನ್ನು, ಏನೂ ಮಾಡಲ್ಲ" ಎಂದು ಅವಳಿಗೆ ಅಂಗಲಾಚಿದರು. ಸವತಿ ನನ್ನ ಶಾಲು ನೋಡಿ ಮೂಗು ಮುಚ್ಚಿಕೊಂಡಳು. ಒಳ್ಳೆಯ ವಿದ್ಯಾರ್ಥಿನಿ, ಕಲಿಸಿದ್ದನ್ನು ಮರೆಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ಒಬ್ಬರು, ಉಣ್ಣುವವಳು ಇನ್ನೊಬ್ಬಳು.

ಡಾಕ್ಟರಮ್ಮ ಗಡಿಯಾರ ನೋಡಿದರು. "ಇಲ್ಲಿ ಬಿಡೋ ಹಾಗಿಲ್ಲ, ಅಲ್ಲಿಗೆ ಒಯ್ಯೋ ಹಾಗಿಲ್ಲ. ಇವತ್ತೇ ಮುಗಿಸ್ತೀನಿ, ನೋವಾಗಲ್ಲ. ದೂರದಿಂದ ಮದ್ದಿನ ಸೂಜಿ ಹೊಡೆದ್ರೆ ಹೆದರಿ ಗೋಡೆಗೆ ಡಿಕ್ಕಿ ಹೊಡ್ಕೊಳ್ಳುತ್ತೆ. ತಿನ್ನೋದ್ರಲ್ಲಿ ನಿದ್ದೆ ಮದ್ದು ಕೊಟ್ರೆ ಗೊತ್ತೇ ಆಗಲ್ಲ." ಇವರ ಕಡೆ ತಿರುಗಿ ಹೇಳಿದರು, "ನಿಮ್ಮ ಕೈಲಿ ಮಾತ್ರ ತಿನ್ನೋದು ಅಂದ್ರಲ್ಲ."

ಇವರು ಅತ್ತರು. ನಾಟಕದ ಅಳುವಲ್ಲ, ಹೆತ್ತ ತಾಯಿ ಹೋದಾಗಲೂ ಇವರು ಹಾಗೆ ಅತ್ತಿರಲಿಲ್ಲ. ಕಂಬಿಗೆ ಹಣೆ ಹಚ್ಚಿ ಅತ್ತರು. ಆಮೇಲೆ ಮುಖ ಒರೆಸಿಕೊಳ್ಳದೆಯೇ ತಿರುಗಿ, "ತಿನ್ನಿಸಿ ಕೊಡ್ತೀನಿ ಮೇಡಂ" ಎಂದರು. "ಅಲ್ಲಿ ನನಗೊಂದು ಜಾಗ ನೋಡಿ. ಏನಾದ್ರೂ ಪರವಾಗಿಲ್ಲ."

ಸಾಹೇಬರು ನೆಲ ನೋಡಿದರು. ಡಾಕ್ಟರಮ್ಮ ಇವರನ್ನು ನೋಡಿ, "ನಮ್ಮ ಆಸ್ಪತ್ರೇಲಿ ಹೆದರಿದ ಪ್ರಾಣಿಗೆ ಮದ್ದು ತಿನ್ನಿಸೋರು ಬೇಕಾಗ್ತಾರೆ" ಎಂದರು. "ಕೇಳಿ ನೋಡ್ತೀನಿ."

ಬಾಳೆಹಣ್ಣನ್ನು ನಾನೇ ಸೀಳಿದೆ. ಡಾಕ್ಟರಮ್ಮ ಬಿಳಿ ಪುಡಿ ತುಂಬಿದರು. "ಕಹಿ ಇರುತ್ತೆ, ಜೇನು ಜಾಸ್ತಿ ಹಾಕಮ್ಮ" ಎಂದರು. ಹಾಕಿದೆ.

ಇವರು ಕೂತು ಕೈ ಚಾಚಿದರು. ಈ ಸಲ ಬೇರೆ ಕಡೆ ನೋಡಲಿಲ್ಲ. ಸವತಿ ಬಂದಳು, ಮೂಸಲಿಲ್ಲ, ಕಣ್ಣು ಮುಚ್ಚಿ ಎತ್ತಿಕೊಂಡಳು. ಎರಡು ಸಲ ಜಗಿದವಳು ನಿಂತಳು. ಆ ಕಹಿಯ ಪರಿಚಯ ಅವಳಿಗೆ ಚೆನ್ನಾಗಿತ್ತು. ಕಣ್ಣು ತೆರೆದು ಇವರನ್ನು ನೋಡಿದಳು. ತಟ್ಟನೆ ಮೂಗು ಮುಚ್ಚಿಕೊಂಡು, ಏಟು ಬೀಳಲಿ ಎಂದು ಕಾದಳು. ಏಟು ಬೀಳಲಿಲ್ಲ.

"ತಿನ್ನು ತಾಯಿ" ಎಂದರು ಇವರು.

ಮುಂಗಾಲು ಇಳಿಸಿದಳು. ಬಾಯಲ್ಲಿದ್ದದ್ದನ್ನು ನುಂಗಿದಳು, ಉಗುಳಲಿಲ್ಲ. ಎರಡನೆಯ ಹೋಳಿಗೂ ತುಟಿ ಚಾಚಿದಳು, ಮೂರನೆಯದಕ್ಕೂ. ಕಹಿ ಎಂದು ಗೊತ್ತಿದ್ದೇ ಎಲ್ಲವನ್ನೂ ತಿಂದಳು, ಇವರ ಕೈಯಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ. ಆಮೇಲೆ ಕಂಬಿಯ ನಡುವೆ ಚಾಚಿದ್ದ ಇವರ ಅಂಗೈ ಮೇಲೆ ಗದ್ದವನ್ನಿಟ್ಟು ಮಲಗಿದಳು. ಡಾಕ್ಟರಮ್ಮ ಸೂಜಿ ಹಿಡಿದು ಪಕ್ಕದ ಬಾಗಿಲಿಂದ ಒಳಗೆ ಹೋದರು. "ಹಾಗೇ ಹಿಡ್ಕೊಂಡಿರಿ" ಎಂದರು. ಇವರು ಹಿಡಿದುಕೊಂಡಿದ್ದರು.

ಕೆಲಸ ಸಿಕ್ಕಿತು. ಡಾಕ್ಟರಮ್ಮ ಮಾತಿಗೆ ತಪ್ಪುವವರಲ್ಲ. ಇಲ್ಲಿ, ಈ ದೊಡ್ಡ ಮೃಗಾಲಯದಲ್ಲಿ, ನಮಗೆ ಮೊದಲಿನದಕ್ಕಿಂತ ದೊಡ್ಡ ಮನೆ, ಒಳಗೇ ನಲ್ಲಿ, ಸುಣ್ಣ ಉದುರದ ಗೋಡೆ. ಕಾಯಿಲೆ ಬಿದ್ದ ಪ್ರಾಣಿಗಳಿಗೆ ಇವರು ಮದ್ದು ತಿನ್ನಿಸುತ್ತಾರೆ. ಯಾವುದಾದರೂ ಮುದಿ ಪ್ರಾಣಿಯನ್ನು ಮುಗಿಸುವುದಿದ್ದರೆ ಕೆಲವು ದಿನ ಮೊದಲೇ ಇವರನ್ನು ಅದರ ಮುಂದೆ ಕೂರಿಸುತ್ತಾರೆ, ಕೈ ಅಭ್ಯಾಸವಾಗಲಿ ಎಂದು. ಎಂಥ ಪ್ರಾಣಿಯಾದರೂ ಕೊನೆಗೆ ಇವರ ಕೈಗೆ ಬರುತ್ತದಂತೆ. ಇಲ್ಲಿನವರು ಇವರಿಗೆ ಕೊನೇ ತುತ್ತು ಎಂದು ಅಡ್ಡಹೆಸರಿಟ್ಟಿದ್ದಾರೆ. ಇವರೆದುರು ಮಾತ್ರ ಅಣ್ಣ ಎನ್ನುತ್ತಾರೆ. ಮೈದುನ ಯಾವುದೋ ಶೆಡ್ಡಿನಲ್ಲಿ ಬಸ್ಸು ತೊಳೆಯುತ್ತಾನೆಂದು ಯಾರೋ ಹೇಳಿದರು. ಅವನು ಬಂದಿಲ್ಲ, ನಾವೂ ಹೋಗಿಲ್ಲ.

ಇಲ್ಲಿಗೆ ಬಂದ ಮೇಲೆ ಇವರು ಬಹಳ ದಿನ ಬರಿಗೈಯಲ್ಲಿ ಮನೆಗೆ ಬಂದರು. ನಾನೂ ಕೇಳಲಿಲ್ಲ. ಮೊನ್ನೆ ಸಂಜೆ ಪಾತ್ರೆ ತೊಳೆಯುತ್ತಿದ್ದೆ, ಕೈ ತುಂಬ ಸೋಪಿನ ನೊರೆ. ಇವರು ಜೇಬಿನಿಂದ ಕಿತ್ತಳೆ ತೆಗೆದು, ನನ್ನ ಪಕ್ಕದಲ್ಲೇ ನಿಂತು ಸುಲಿದು, ನಾರು ಬಿಡಿಸಿ, ಒಂದು ತೊಳೆಯನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ಪಾಲು ತಗೋ" ಎಂದರು.

ಬೇಕೆಂದು ಮಾಡಿದ್ದಲ್ಲ. ಬಾಯಿ ತೆರೆಯುವ ಮೊದಲೇ ಮೂಗು ಮುಂದೆ ಹೋಯಿತು. ಮೂಸಿ ನೋಡಿದೆ.

ಇವರ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ತೊಳೆಯನ್ನು ತಮ್ಮ ಬಾಯಿಗೇ ಹಾಕಿಕೊಂಡು, ನನಗೆ ಕಾಣುವ ಹಾಗೆ ಪೂರ್ತಿ ಜಗಿದು ನುಂಗಿ, "ಹುಳಿ ಇದೆ, ಬಿಡು" ಎಂದು ಹೊರಗೆ ಹೋದರು.